ಬೀಗ ಹಾಕಿದ ಟಾರ್ಪಾಲು

ನೀಲಿ ಟಾರ್ಪಾಲಿನ ಮೇಲೆ ಒಂದು ಪ್ರಬಂಧ ಬರೆಯಬೇಕೆಂದಿದ್ದೇನೆ ಎಂದು ಬೆಳಗಿನ ಕಾಫಿಯ ಹೊತ್ತಿಗೆ ನಾನು ಘೋಷಿಸಿದಾಗ, ನಮ್ಮ ಯಜಮಾನರು ಪತ್ರಿಕೆಯ ಮೇಲಂಚಿನಿಂದ ಎರಡು ಕಣ್ಣುಗಳನ್ನು ಮಾತ್ರ ಹೊರಗೆ ಹಾಕಿ, ಬರೆಯುವುದಾದರೆ ಕಾಗದದ ಮೇಲೆ ಬರೆ, ಟಾರ್ಪಾಲು ಹೊಸದು, ಎಂದು ಹೇಳಿ ಮತ್ತೆ ಒಳಗೆ ಎಳೆದುಕೊಂಡರು. ಅವರ ಹಾಸ್ಯವನ್ನು ನೀವು ದಯವಿಟ್ಟು ಕ್ಷಮಿಸಬೇಕು. ಮೂವತ್ತು ವರ್ಷಗಳಿಂದ ನಾನೂ ಅದೇ ಕೆಲಸ ಮಾಡಿಕೊಂಡು ಬಂದಿದ್ದೇನೆ. ಆದರೆ ಟಾರ್ಪಾಲನ್ನು ಅಷ್ಟು ಹಗುರವಾಗಿ ತಳ್ಳಿಹಾಕುವ ಹಕ್ಕು ಕಾಫಿ ಬೆಳೆಯುವ ಮನುಷ್ಯನಿಗೆ ಇಲ್ಲ. ಹೆತ್ತೂರಿನಿಂದ ವನಗೂರಿನ ಕಡೆಗೆ ಹೋಗುವ ದಾರಿಯಲ್ಲಿ, ಎಡಕ್ಕೆ ಇಳಿಯುವ ಮಣ್ಣುರಸ್ತೆಯ ಕೊನೆಗೆ ನಮ್ಮ ಆರು ಎಕರೆ ಇದೆ. ಆ ಆರು ಎಕರೆಯ ಫಸಲೆಲ್ಲ ಜನವರಿ ತಿಂಗಳಲ್ಲಿ ಮನೆಯ ಮುಂದಿನ ಸಿಮೆಂಟು ಕಣದಲ್ಲಿ ಆಕಾಶಕ್ಕೆ ಮುಖ ಮಾಡಿ ಮಲಗಿರುತ್ತದೆ. ಆಕಾಶಕ್ಕೂ ಅದಕ್ಕೂ ನಡುವೆ ಇರುವುದು ಈ ನೀಲಿ ಹೊದಿಕೆ ಒಂದೇ.

ನೀಲಿ ಎಂದು ಒತ್ತಿ ಹೇಳಲು ಕಾರಣವಿದೆ. ಸಕಲೇಶಪುರದ ಅಂಗಡಿಗಳಲ್ಲಿ ಟಾರ್ಪಾಲು ಹುಟ್ಟುವುದೇ ನೀಲಿಯಾಗಿ. ಹೊಸದರಲ್ಲಿ ಅದು ಮದುವಣಿಗನಂತೆ ಗರಿಗರಿಯಾಗಿ ನಿಲ್ಲುತ್ತದೆ, ಎರಡು ವರ್ಷಕ್ಕೆ ಮೆತ್ತಗಾಗುತ್ತದೆ, ನಾಲ್ಕನೆಯ ವರ್ಷಕ್ಕೆ ಅಲ್ಲಲ್ಲಿ ತೂತು ಬಿದ್ದು ಸೈಕಲ್ ಟ್ಯೂಬಿನ ತೇಪೆ ಹಾಕಿಸಿಕೊಳ್ಳುತ್ತದೆ, ಆಮೇಲೆ ಸೌದೆಯ ರಾಶಿಗೋ ಬಚ್ಚಲ ಮರೆಗೋ ನಿವೃತ್ತಿ ಹೊಂದುತ್ತದೆ. ನಮ್ಮ ಸೀಮೆಯ ಯಾವ ಗುಡ್ಡದ ಮೇಲೆ ನಿಂತು ಕೆಳಗೆ ನೋಡಿದರೂ ಹಸಿರಿನ ನಡುವೆ ಅಲ್ಲೊಂದು ಇಲ್ಲೊಂದು ನೀಲಿ ಚೂರು ಕಾಣುವುದುಂಟು. ಪ್ರವಾಸಿಗಳು ಅದನ್ನು ಕೊಳವೆಂದು ತಿಳಿದು ಫೋಟೋ ತೆಗೆದುಕೊಂಡು ಹೋಗುತ್ತಾರೆ. ನಾವು ತಿದ್ದಲು ಹೋಗುವುದಿಲ್ಲ.

ನಾನು ಆಲೂರಿನ ಕಡೆಯ ರಾಗಿ ಹೊಲದವರ ಮಗಳು. ಮದುವೆಯಾಗಿ ಈ ಗುಡ್ಡ ಹತ್ತಿದ ಮೊದಲ ವರ್ಷ ನನಗೆ ಅತಿ ವಿಚಿತ್ರವಾಗಿ ಕಂಡದ್ದು ಮಳೆಯಲ್ಲ, ಜಿಗಣೆಯಲ್ಲ. ಟಾರ್ಪಾಲು ಮಲಗುವ ಜಾಗ. ಅಷ್ಟು ದೊಡ್ಡ ಮನೆ, ಅದರ ಪಕ್ಕಕ್ಕೆ ಬಾಗಿಲಿರುವ ಸ್ಟೋರು, ಸ್ಟೋರಿನೊಳಗೆ ಗುದ್ದಲಿಗೂ ಕೊಡಲಿಗೂ ಒಂದೊಂದು ಮೊಳೆ. ಆದರೆ ಎಲ್ಲಕ್ಕಿಂತ ಬೆಲೆಬಾಳುವ ಟಾರ್ಪಾಲು ಮಾತ್ರ ಕಣದ ಅಂಚಿನಲ್ಲಿ, ಸುರುಳಿ ಸುತ್ತಿಕೊಂಡು, ಹಗಲೂ ರಾತ್ರಿಯೂ ಹೊರಗೆ. ಪಕ್ಕದಲ್ಲಿ ಹತ್ತು ಹನ್ನೆರಡು ಕಲ್ಲು, ಗಾಳಿಗೆ ಹಾರದಂತೆ ಮೇಲಿಡುವುದಕ್ಕೆ. ಯಾರಾದರೂ ಎತ್ತಿಕೊಂಡು ಹೋದರೆ ಏನು ಗತಿ ಎಂದು ನಾನು ನಮ್ಮತ್ತೆಯನ್ನು ಕೇಳಿದೆ. ಅತ್ತೆ ನನ್ನನ್ನು ಒಂದು ಕ್ಷಣ ಕನಿಕರದಿಂದ ನೋಡಿ, ಒಳಗಿಟ್ಟರೆ ಏನು ಗತಿ ಎಂದು ತಿರುಗಿ ಕೇಳಿದರು. ನನಗೆ ಆ ಪ್ರಶ್ನೆ ಅರ್ಥವಾಗಲು ಇನ್ನೂ ಹದಿನೈದು ದಿನ ಹಿಡಿಯಿತು.

ಹದಿನೈದನೆಯ ದಿನ ನಾವಿಬ್ಬರೂ ಯಾರದೋ ಮನೆಯ ನಾಮಕರಣಕ್ಕೆ ಹೊರಟಿದ್ದೆವು. ಅತ್ತೆ ರೇಷ್ಮೆ ಸೀರೆಯುಟ್ಟು, ಮುಡಿತುಂಬ ಮಲ್ಲಿಗೆ ಮುಡಿದು, ಗಜಗಮನದಲ್ಲಿ ನಡೆಯುತ್ತಿದ್ದವರು ಇದ್ದಕ್ಕಿದ್ದಂತೆ ತಲೆಯೆತ್ತಿ ಪಶ್ಚಿಮದ ಕಡೆ ನೋಡಿದರು. ಒಂದೇ ಒಂದು ಕಪ್ಪು ಮೋಡ. ಮರುಕ್ಷಣ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪರಿಚಯವೇ ಇಲ್ಲದ ಒಂದು ಮನೆಯ ಬೇಲಿ ದಾಟಿ, ಯಾರೂ ಇಲ್ಲದ ಕಣಕ್ಕೆ ನುಗ್ಗಿ, ಹಲಗೆಯಿಂದ ಕಾಫಿಯನ್ನು ಸರಸರನೆ ನಡುವಿಗೆ ಎಳೆಯತೊಡಗಿದರು. ನಾನು ಬಾಯಿಬಿಟ್ಟುಕೊಂಡು ನಿಂತಿದ್ದೆ. ಟಾರ್ಪಾಲಿನ ಆ ಕಡೆಯ ತುದಿ ಹಿಡಿ ಎಂದು ಗದರಿದಾಗ ಹಿಡಿದೆ. ಹೊದಿಸಿದೆವು, ಕಲ್ಲಿಟ್ಟೆವು, ಸೀರೆ ಕೊಡವಿಕೊಂಡು ನಾಮಕರಣಕ್ಕೆ ಹೋದೆವು. ಮಗುವಿಗೆ ಏನು ಹೆಸರಿಟ್ಟರೋ ನನಗೆ ಈಗ ನೆನಪಿಲ್ಲ.

ಆಮೇಲೆ ನಿಧಾನವಾಗಿ ಈ ಕಾನೂನಿನ ಕಲಮುಗಳು ಒಂದೊಂದಾಗಿ ತಿಳಿದವು. ಎಲ್ಲಿಯೂ ಬರೆದಿಟ್ಟಿಲ್ಲ, ಯಾವ ಪಂಚಾಯಿತಿಯೂ ಠರಾವು ಮಾಡಿಲ್ಲ. ಮೋಡ ಕಂಡಾಗ ಯಾರ ಕಣ ಹತ್ತಿರವಿದೆಯೋ ಅದನ್ನು ಮುಚ್ಚಬೇಕು. ಅದು ಯಾರದು ಎಂಬುದು ಆಮೇಲಿನ ವಿಚಾರ. ಮುಚ್ಚುವುದಕ್ಕೆ ಎಲ್ಲರಿಗೂ ಹಕ್ಕುಂಟು, ತೆರೆಯುವುದಕ್ಕೆ ಮಾತ್ರ ಕಣದವರೇ ಬರಬೇಕು. ಮುಚ್ಚುವಾಗ ಕಂಡದ್ದನ್ನು ಕಂಡೆನೆನ್ನಬಾರದು; ಅಂದರೆ ಅವರ ಕಾಫಿಯಲ್ಲಿ ಹಸಿರುಕಾಯಿ ಎಷ್ಟಿತ್ತು, ಕಡ್ಡಿಕಸ ಎಷ್ಟಿತ್ತು ಎಂದು ಊರಲ್ಲಿ ಆಡಿಕೊಳ್ಳಬಾರದು. ಇನ್ನು ಮುಚ್ಚಿಸಿಕೊಂಡವರು ಬಂದು ಉಪಕಾರವಾಯಿತು ಎಂದು ಹೇಳಲೇಬಾರದು. ಒಮ್ಮೆ ನಾನು ಹೊಸತರಲ್ಲಿ ಯಾರಿಗೋ ಹಾಗೆ ಹೇಳಿದ್ದಕ್ಕೆ ಅವರು ಮುಖ ಸಣ್ಣದು ಮಾಡಿಕೊಂಡು, ಅದರಲ್ಲಿ ಉಪಕಾರದ ಮಾತೇನು ಬಂತು ಎಂದು ಹೋಗಿಬಿಟ್ಟಿದ್ದರು. ಅಳುವ ಮಗುವನ್ನು ಎತ್ತಿಕೊಂಡವರಿಗೆ ರಸೀದಿ ಕೊಟ್ಟಂತಾಯಿತು ಎಂದು ಅತ್ತೆ ನನ್ನನ್ನೇ ಬೈದರು.

ಇಂಥ ಕಡೆ, ಓದುಗ ಮಿತ್ರರೇ, ನಾನು ಬೀಗ ಹಾಕಿದೆ.

ಬೀಗದ ಕತೆಗೆ ಮೊದಲು ಲೋಕಣ್ಣನವರನ್ನು ನಿಮಗೆ ಪರಿಚಯಿಸಬೇಕು. ನಮ್ಮ ತೋಟದ ಕೆಳಗಿನ ತೋಟ ಅವರದು. ನಮ್ಮ ಕಣದ ಅಂಚಿಗೆ ನಿಂತರೆ ಅವರ ಕಣ ಪೂರ್ತಿ ಕಾಣುತ್ತದೆ. ಮಾತು ಕಡಿಮೆ, ಕೆಲಸ ಜಾಸ್ತಿ. ನಾನು ಅದಕ್ಕೆ ಸರಿಯಾಗಿ ತದ್ವಿರುದ್ಧ. ನಮ್ಮ ಯಜಮಾನರನ್ನು ಅಣ್ಣ ಎನ್ನುತ್ತಾರೆ, ಆದ್ದರಿಂದ ನಾನು ಅವರಿಗೆ ಅತ್ತಿಗೆ. ಇಬ್ಬರಿಗೂ ನೀರು ಒಂದೇ ಹಳ್ಳದ್ದು. ಬೇಸಿಗೆಯಲ್ಲಿ ರೊಬಸ್ಟಾ ಕಾಫಿಗೆ ಹೂ ಬರಿಸಲು ಸ್ಪ್ರಿಂಕ್ಲರ್ ಹಾರಿಸುವಾಗ, ಒಂದು ದಿನ ನಮ್ಮ ಮೋಟಾರು, ಒಂದು ದಿನ ಅವರ ಮೋಟಾರು ಎಂದು ಸರದಿ. ಕಳೆದ ಮಾರ್ಚಿನಲ್ಲಿ ಅವರ ಸರದಿಯ ದಿನ ಕರೆಂಟು ಬರಲಿಲ್ಲ, ನಮ್ಮ ಸರದಿಯ ದಿನ ಬಂತು, ಲೋಕಣ್ಣ ಹೇಳದೆ ಕೇಳದೆ ಮೋಟಾರು ಹಾಕಿದರು. ನಮ್ಮ ಪೈಪಿನಲ್ಲಿ ಬರೀ ಗಾಳಿ ಬಂತು. ನಾನು ಬೇಲಿಯ ಬಳಿ ಹೋಗಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಬಾಯಿಗೆ ಬರುವುದು ನನಗೆ ಸ್ವಲ್ಪ ಹೆಚ್ಚೇ. ಅವರು ಒಂದೂ ಮಾತಾಡದೆ ಮೋಟಾರು ನಿಲ್ಲಿಸಿ ಒಳಗೆ ಹೋದರು. ಅಂದಿನಿಂದ ಮುಖ ಕಂಡರೆ ಮುಖ ತಿರುಗಿಸುವುದು ಎರಡೂ ಮನೆಯಲ್ಲಿ ಅಭ್ಯಾಸವಾಯಿತು.

ಜಗಳವೆಂಬುದು ಬಹಳ ಚುರುಕಾದ ಸಂಶೋಧಕ. ಅದಕ್ಕೆ ಮುಂಚೆ ಕಾಣದಿದ್ದ ಎಷ್ಟೋ ವಿಷಯಗಳನ್ನು ಅದು ತೆಗೆದು ತೋರಿಸುತ್ತದೆ. ಹಿಂದಿನ ವರ್ಷದ ಸುಗ್ಗಿಯಲ್ಲಿ ನಮ್ಮದೊಂದು ಟಾರ್ಪಾಲು ಕಾಣೆಯಾಗಿತ್ತು. ಆಗ ಗಾಳಿಗೆ ಹಾರಿಹೋಯಿತೆಂದು ನಾವೇ ತೀರ್ಮಾನಿಸಿ ಮರೆತಿದ್ದೆವು. ಮಾರ್ಚಿನ ಜಗಳವಾದ ಮೇಲೆ ಒಂದು ಬೆಳಿಗ್ಗೆ ಲೋಕಣ್ಣನವರ ಕಣದ ಮೂಲೆಯಲ್ಲಿ ಎರಡು ನೀಲಿ ಸುರುಳಿ ನನ್ನ ಕಣ್ಣಿಗೆ ಬಿದ್ದವು. ಎರಡು ಏಕೆ? ಒಂದು ಅವರದು ಸರಿ, ಇನ್ನೊಂದು? ಇಡೀ ತಾಲ್ಲೂಕಿನ ಟಾರ್ಪಾಲುಗಳೆಲ್ಲ ನೀಲಿಯೇ ಎಂಬ ಸತ್ಯ ಆ ಹೊತ್ತಿನಲ್ಲಿ ನನ್ನ ತಲೆಗೆ ಹೊಳೆಯಲೇ ಇಲ್ಲ. ಯಜಮಾನರಿಗೆ ಹೇಳಿದರೆ, ನಿನಗೆ ತಲೆ ಸರಿಯಿಲ್ಲ ಎಂದರು. ಆ ಮಾತು ನನ್ನ ಅನುಮಾನಕ್ಕೆ ಒಳ್ಳೆಯ ಗೊಬ್ಬರವಾಯಿತು. ಈ ವರ್ಷದ ಸುಗ್ಗಿ ಶುರುವಾಗುತ್ತಲೇ ನಾನು ಸಕಲೇಶಪುರದಿಂದ ಹೊಸ ಟಾರ್ಪಾಲು ತಂದು, ಅದರ ಮೂಲೆಗೆ ಕೆಂಪು ಪೇಂಟಿನಲ್ಲಿ ನನ್ನ ಹೆಸರಿನ ಮೊದಲಕ್ಷರ ಬರೆದು, ರಾತ್ರಿಯ ಹೊತ್ತು ಮತ್ತು ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಸ್ಟೋರಿನೊಳಗಿಟ್ಟು ಬೀಗ ಜಡಿಯತೊಡಗಿದೆ. ಯಜಮಾನರು ಎರಡು ದಿನ ಗೊಣಗಿ ಸುಮ್ಮನಾದರು. ನಮ್ಮತ್ತೆ ಇದ್ದಿದ್ದರೆ ಸುಮ್ಮನಾಗುತ್ತಿರಲಿಲ್ಲ, ಆದರೆ ಅವರು ಹೋಗಿ ಆರು ವರ್ಷವಾಗಿತ್ತು.

ಹೀಗಿರುವಾಗ ಜನವರಿಯ ಒಂದು ದಿನ ಆನೇಮಹಲಿನ ಒಂದು ಸಭಾಂಗಣದಲ್ಲಿ ಸಣ್ಣ ಬೆಳೆಗಾರರಿಗೆ ತರಬೇತಿ ಎಂದು ಕರೆ ಬಂತು. ಅಂದು ಸಂತೆಯ ದಿನ, ಆಳುಗಳಿಗೆ ರಜೆ. ಕಣದಲ್ಲಿ ಹನ್ನೊಂದು ದಿನ ಬಿಸಿಲು ಕಂಡ ಕಾಫಿ; ಬೊಗಸೆಯಲ್ಲಿ ಹಿಡಿದು ಕುಲುಕಿದರೆ ಸಿಪ್ಪೆಯೊಳಗಿನ ಬೀಜ ಗಲಗಲ ಎನ್ನುತ್ತಿತ್ತು. ಇನ್ನೆರಡು ದಿನದ ಬಿಸಿಲು ಸಿಕ್ಕರೆ ಮೂಟೆ ಕಟ್ಟುವುದೇ. ಈ ಹಂತದಲ್ಲಿ ನೆಂದರೆ ಮಾತ್ರ ಸಿಪ್ಪೆ ಕಪ್ಪಾಗಿ, ಬೂಷ್ಟು ಹಿಡಿದು, ವರ್ಷವೆಲ್ಲ ಮಾಡಿದ ಕೆಲಸಕ್ಕೆ ಮುಗ್ಗಲು ವಾಸನೆ ಬಂದುಬಿಡುತ್ತದೆ. ಆಕಾಶ ಬೆಳಿಗ್ಗೆ ಒಗೆದಿಟ್ಟಷ್ಟು ಶುಭ್ರವಾಗಿತ್ತು. ನಾನು ಕಾಫಿಯನ್ನು ತೆಳ್ಳಗೆ ಹರವಿ, ಟಾರ್ಪಾಲನ್ನು ಸ್ಟೋರಿನೊಳಗಿಟ್ಟು, ಬೀಗ ಹಾಕಿ, ಕೀಲಿಕೈಯನ್ನು ಪರ್ಸಿನಲ್ಲಿಟ್ಟುಕೊಂಡು ಯಜಮಾನರ ಜೊತೆ ಜೀಪು ಹತ್ತಿದೆ.

ತರಬೇತಿ ಕೊಡಲು ಬಂದಿದ್ದ ಹುಡುಗಿ ಬಹಳ ಚೂಟಿ. ಬೋರ್ಡಿನ ಮೇಲೆ ನಾಲ್ಕು ವೃತ್ತ ಬರೆದಳು: ಸಮಾನ ಮೌಲ್ಯಗಳು, ನಂಬಿಕೆ, ತೃಪ್ತಿ, ಸಾಧನೆ. ಒಂದರಿಂದ ಇನ್ನೊಂದಕ್ಕೆ ಬಾಣ ಎಳೆದಳು. ಜೊತೆಗೆ ದುಡಿಯುವವರು ಒಂದೇ ಬಗೆಯ ಮೌಲ್ಯಗಳನ್ನು ಪಾಲಿಸಿದರೆ ಅವರ ನಡುವೆ ನಂಬಿಕೆ ಹುಟ್ಟುತ್ತದೆ, ನಂಬಿಕೆಯಿದ್ದಲ್ಲಿ ಮನಸ್ಸಿಗೆ ತೃಪ್ತಿ, ತೃಪ್ತಿಯಿದ್ದಲ್ಲಿ ಕೆಲಸ ಚೆನ್ನಾಗಿ ಆಗುತ್ತದೆ ಎಂದಳು. ಆಮೇಲೆ ಎಲ್ಲರಿಗೂ ಒಂದೊಂದು ಚೀಟಿ ಹಂಚಿ, ನಿಮ್ಮ ನೆರೆಹೊರೆಯವರ ಮೇಲೆ ನಿಮಗೆ ಎಷ್ಟು ನಂಬಿಕೆ, ಒಂದರಿಂದ ಐದರೊಳಗೆ ಅಂಕ ಕೊಡಿ ಎಂದಳು. ಶಾಲೆಯಲ್ಲಿ ಅಂಕ ಪಡೆದು ಸೋತವರೆಲ್ಲ ಅಂಕ ಕೊಡುವ ಅವಕಾಶ ಸಿಕ್ಕಿದ್ದಕ್ಕೆ ಹಿಗ್ಗಿದರು. ನಾನು ಮೊದಲು ಒಂದು ಎಂದು ಬರೆದೆ. ಪಕ್ಕದವರು ಇಣುಕುತ್ತಿದ್ದಾರೆ ಅನ್ನಿಸಿ ಅದನ್ನು ನಾಲ್ಕು ಮಾಡಿದೆ. ನಮ್ಮ ಕಡೆಯಿಂದ ಬರಬೇಕಾಗಿದ್ದ ಲೋಕಣ್ಣ ಬಂದಿರಲಿಲ್ಲ. ನಾನು ಬರುತ್ತೇನೆಂದು ಗೊತ್ತಾಗಿಯೇ ಅವರು ಬರಲಿಲ್ಲ ಎಂಬುದು ನನಗೆ ಖಾತ್ರಿಯಿತ್ತು, ಮತ್ತು ಅದರಿಂದ ನನಗೆ ಒಳಗೊಳಗೇ ಖುಷಿಯೂ ಆಗಿತ್ತು.

ಮೂರನೆಯ ಬಾಣದ ವಿವರಣೆ ನಡೆಯುತ್ತಿದ್ದಾಗ ದೂರದಲ್ಲಿ, ಘಟ್ಟದ ಕಡೆಯಿಂದ, ಯಾರೋ ಪೀಪಾಯಿ ಉರುಳಿಸಿದಂಥ ಸದ್ದು ಬಂತು.

ಆ ಹುಡುಗಿ ಆ ಕ್ಷಣವನ್ನು ಎಂದೂ ಮರೆಯಲಾರಳು. ಎಪ್ಪತ್ತು ಎಂಬತ್ತು ತಲೆಗಳು ಒಂದೇ ಸಲಕ್ಕೆ ಬೋರ್ಡನ್ನು ಬಿಟ್ಟು ಕಿಟಕಿಯ ಕಡೆ ತಿರುಗಿದವು. ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ಸಮಾನ ಮೌಲ್ಯ ಎಂದರೆ ಏನೆಂದು ಅವಳು ಬೆಳಗಿನಿಂದ ವಿವರಿಸುತ್ತಿದ್ದಳಲ್ಲ, ಅದು ಅವಳ ಕಣ್ಣೆದುರಿಗೇ ಎದ್ದು ನಿಂತಿತ್ತು. ಎಲ್ಲರ ಕೈಯಲ್ಲೂ ಫೋನು ಬಂತು. ನೆಟ್‌ವರ್ಕ್ ಸಿಕ್ಕವರು ಟಾರ್ಪಾಲು ಎಳೆಯಿರೋ ಎಂದು ಕೂಗಿದರು. ಸಿಗದವರು ಎರಡು ಸಲ ಒತ್ತಿ ನೋಡಿ ಫೋನನ್ನು ಜೇಬಿಗಿಟ್ಟರು. ಹೀಗೆ ಜೇಬಿಗಿಟ್ಟವರು ಏನು ಮಾಡಿದರು ಎಂಬುದನ್ನು ನಾನು ಆಮೇಲೆ ಎಷ್ಟೋ ದಿನ ನೆನೆದುಕೊಂಡಿದ್ದೇನೆ. ಅವರು ಊಟಕ್ಕೆ ಹೋದರು. ಹೇಗೂ ಊಟದ ಹೊತ್ತಾಗಿತ್ತು, ಪಲಾವಿನ ಪರಿಮಳ ಬರುತ್ತಿತ್ತು, ಎಲೆ ಹಾಕಿದ್ದರು. ವನಗೂರಿನ ಕಡೆಯ ಒಬ್ಬ ಹಿರಿಯರು, ಅವರ ಕಣದಲ್ಲಿ ನಮ್ಮದಕ್ಕಿಂತ ಮೂರು ಪಾಲು ಕಾಫಿ ಇರಬೇಕು, ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ನಿಂತರು.

"ಯಾರಾದ್ರೂ ಎಳ್ದಿರ್ತಾರೆ ಕಣಮ್ಮ. ಬಾ, ಕೂತ್ಕಂಡು ಉಣ್ಣು."

ಅವರಿಗೆ ಗೊತ್ತಿರಲಿಲ್ಲ, ಪರ್ಸಿನೊಳಗೆ ಕೈಹಾಕಿಕೊಂಡು ನಾನು ಏನನ್ನು ಹಿಡಿದು ನಿಂತಿದ್ದೇನೆ ಎಂದು. ಯಾರಾದರೂ ಎಳೆಯುತ್ತಾರೆ, ನಿಜ. ಆದರೆ ಎಳೆಯುವುದನ್ನೇ ನಾನು ಒಳಗಿಟ್ಟು ಬಂದಿದ್ದೆ. ಈ ಜಗತ್ತಿನ ಯಾವ ಪುಣ್ಯಾತ್ಮ ನಮ್ಮ ಕಣಕ್ಕೆ ಓಡಿಬಂದರೂ ಅವನಿಗೆ ಸಿಗುವುದು ಹನ್ನೆರಡು ಕಲ್ಲು ಮಾತ್ರ. ಲೋಕಣ್ಣನವರ ಮೇಲೆ ಹಾಕಿದ್ದ ಬೀಗ ಇಡೀ ಊರಿನ ಮೇಲೆ ಬಿದ್ದಿತ್ತು, ನನ್ನನ್ನೂ ಸೇರಿಸಿ. ಅಲ್ಲಿದ್ದವರೆಲ್ಲ ಪಲಾವಿಗೆ ಮೊಸರುಬಜ್ಜಿ ಬಡಿಸಿಕೊಳ್ಳುತ್ತಿದ್ದಾಗ ನಾನೊಬ್ಬಳು ಅನ್ನದ ಮುಖ ನೋಡಲಾರದೆ ಯಜಮಾನರನ್ನು ಎಬ್ಬಿಸಿಕೊಂಡು ಹೊರಗೆ ಬಂದೆ. ಅವರ ಎಲೆಯಲ್ಲಿ ಆಗತಾನೇ ಹಪ್ಪಳ ಬಿದ್ದಿತ್ತು.

ಆನೇಮಹಲಿನಿಂದ ನಮ್ಮ ಮನೆಗೆ ಮಾಮೂಲಿ ದಿನ ಒಂದೂಕಾಲು ಗಂಟೆ. ಅಂದು ದಾರಿಯೇ ಸವೆಯಲಿಲ್ಲ. ಸಕಲೇಶಪುರ ದಾಟುವಾಗ ಹನಿ, ಆಮೇಲೆ ಜಡಿಮಳೆ, ಹೆತ್ತೂರು ತಲುಪುವ ಹೊತ್ತಿಗೆ ರಸ್ತೆಯ ಪಕ್ಕದ ಚರಂಡಿಯಲ್ಲಿ ಕೆಂಪುನೀರು. ದಾರಿಯುದ್ದಕ್ಕೂ ಎರಡೂ ಕಡೆಯ ಕಣಗಳನ್ನು ನೋಡುತ್ತಾ ಬಂದೆ. ಒಂದೊಂದೂ ನೀಲಿ ಹೊದ್ದುಕೊಂಡು ಆರಾಮವಾಗಿ ಮಲಗಿತ್ತು. ಒಂದು ಕಡೆ ಬಸ್ಸು ರಸ್ತೆಗೆ ಅಡ್ಡ ನಿಂತು, ಪ್ರಯಾಣಿಕರು ನಾಲ್ಕೈದು ಜನ ಯಾರದೋ ಕಣದ ಟಾರ್ಪಾಲಿಗೆ ಕಲ್ಲಿಡುತ್ತಿದ್ದರು, ಕಂಡಕ್ಟರು ಸೀಟಿ ಊದುತ್ತಾ ಬೇಗ ಬನ್ನಿ ಎಂದು ಅವಸರ ಮಾಡುತ್ತಿದ್ದ. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಯಜಮಾನರು ಬೀಗದ ವಿಷಯವನ್ನು ಒಂದು ಸಲವೂ ಎತ್ತಲಿಲ್ಲ. ಅವರು ಬೈದಿದ್ದರೆ ತಿರುಗಿ ಬೈಯಬಹುದಾಗಿತ್ತು, ಆಗ ಸ್ವಲ್ಪ ಸಮಾಧಾನವಾದರೂ ಆಗುತ್ತಿತ್ತು. ಅವರು ವೈಪರನ್ನೇ ನೋಡುತ್ತಾ ಜೀಪು ಓಡಿಸಿದರು.

ಮಣ್ಣುರಸ್ತೆಯ ಕೊನೆಯ ತಿರುವಿನಲ್ಲಿ ನಮ್ಮ ಕಣ ಕಾಣುತ್ತದೆ. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಜೀಪು ನಿಂತಿತು, ಯಜಮಾನರು ನಿಧಾನವಾಗಿ, "ಸರೋಜಾ, ನೋಡು" ಎಂದರು.

ನಮ್ಮ ಕಾಫಿ ನಡುವಿಗೆ ಸಾಲಾಗಿ ಎಳೆಯಲ್ಪಟ್ಟು, ಮೇಲೆ ನೀಲಿ ಹೊದ್ದು, ಸುತ್ತಲೂ ಲೆಕ್ಕ ತಪ್ಪದೆ ಕಲ್ಲಿಡಿಸಿಕೊಂಡು ಮಲಗಿತ್ತು. ಸ್ಟೋರಿನ ಬೀಗ ಹಾಕಿದ ಹಾಗೇ ಇತ್ತು. ನಾನು ಕಣದ ಅಂಚಿಗೆ ಓಡಿ ಕೆಳಗೆ ನೋಡಿದೆ. ಲೋಕಣ್ಣನವರ ಕಣಕ್ಕೆ ಎರಡು ಟಾರ್ಪಾಲು ಬೇಕು, ಅಷ್ಟು ದೊಡ್ಡ ಕಣ ಅದು. ಅಲ್ಲಿ ಆಗ ಒಂದೇ ಇತ್ತು. ಅವರ ಕಾಫಿಯನ್ನೆಲ್ಲ ಒಂದು ಮೂಲೆಗೆ ಗುಡ್ಡದಂತೆ ಒಟ್ಟಿ ಆ ಒಂದರ ಕೆಳಗೆ ತುರುಕಿದ್ದರು. ಹಾಗೆ ಒಟ್ಟಿದ ಕಾಫಿ ಬೆವರುತ್ತದೆ, ಬಿಸಿಯೇರುತ್ತದೆ, ಬೇಗ ತೆರೆಯದಿದ್ದರೆ ತಾನಾಗಿಯೇ ಕೆಡುತ್ತದೆ; ಕಾಫಿ ಬೆಳೆಯುವ ಯಾರೂ ತಿಳಿದೂ ತಿಳಿದೂ ಹಾಗೆ ಮಾಡುವುದಿಲ್ಲ. ಎರಡು ಟಾರ್ಪಾಲು ಏಕೆ ಎಂಬ ನನ್ನ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಿತು.

ನಾಚಿಕೆಯಿಂದ ಕುಗ್ಗಿಹೋದೆ ಎಂದು ಬರೆದರೆ ನೀವು ನನ್ನನ್ನು ಒಳ್ಳೆಯವಳೆಂದು ತಿಳಿಯುತ್ತೀರಿ. ಆದ್ದರಿಂದ ನಿಜವನ್ನೇ ಬರೆಯುತ್ತೇನೆ. ಕುಗ್ಗಿದೆ; ಆದರೆ ಟಾರ್ಪಾಲಿನ ಸುತ್ತ ಒಂದು ಸುತ್ತು ಬಂದಾಗ ಬಡಗಣ ಮೂಲೆಯಲ್ಲಿ ಎರಡು ಮೂರು ಬುಟ್ಟಿಯಷ್ಟು ಕಾಫಿ ತೊಯ್ದು ತೊಪ್ಪೆಯಾಗಿದ್ದು ಕಂಡಿತು, ಮತ್ತು ನನ್ನ ಮನಸ್ಸು ಆ ಗಳಿಗೆಯಲ್ಲೇ, ಒಂದೈದು ನಿಮಿಷ ಮುಂಚೆ ಎಳೆದಿದ್ದರೆ ಇದೂ ಉಳಿಯುತ್ತಿತ್ತಲ್ಲ ಎಂದು ಗೊಣಗಿತು. ಇಷ್ಟಕ್ಕೇ ನಿಲ್ಲಲಿಲ್ಲ. ಮರುದಿನ ಬಿಸಿಲು ಬಂದಮೇಲೆ ನಮ್ಮ ಕಾಫಿಯನ್ನು ತೆರೆದು ಹರವಿ, ಅವರ ಟಾರ್ಪಾಲನ್ನು ಬೇಲಿಯ ಮೇಲೆ ಒಣಹಾಕಿದೆ. ಯಾರದೇ ಟಾರ್ಪಾಲನ್ನು ಒದ್ದೆಯಾಗಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಒಣಹಾಕಿ, ಅತ್ತಿತ್ತ ನೋಡಿ, ಯಜಮಾನರು ಹತ್ತಿರವಿಲ್ಲವೆಂದು ಖಚಿತಪಡಿಸಿಕೊಂಡು, ಅದರ ನಾಲ್ಕು ಮೂಲೆಗಳನ್ನೂ ತಿರುವಿ ತಿರುವಿ ಪರೀಕ್ಷಿಸಿದೆ. ಕಳೆದುಹೋದ ನಮ್ಮದಕ್ಕೆ ಒಂದು ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆಯ ಸುಟ್ಟ ಗುರುತಿತ್ತು. ಇದಕ್ಕೆ ಯಾವ ಮೂಲೆಯಲ್ಲೂ ಸುಟ್ಟ ಗುರುತಿಲ್ಲ. ಬದಲಿಗೆ ಮಧ್ಯದಲ್ಲಿ ಗೋಣಿದಾರದಿಂದ ಅಚ್ಚುಕಟ್ಟಾಗಿ ಹೊಲಿದ, ಬಹಳ ವರ್ಷ ಹಳೆಯದಾದ ಒಂದು ತೇಪೆ. ಕಳೆದುಹೋದ ನಮ್ಮ ಟಾರ್ಪಾಲು ಇವತ್ತಿಗೂ ಸಿಕ್ಕಿಲ್ಲ.

ಆ ಹುಡುಗಿಯ ನಾಲ್ಕು ವೃತ್ತ ಆಗ ನೆನಪಾಯಿತು. ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಅವಳ ಬಾಣಗಳು ಒಂದರ ಹಿಂದೆ ಒಂದು ಶಿಸ್ತಾಗಿ ಸಾಗುವ ಬಾಣಗಳು. ನಮ್ಮ ಊರಿನಲ್ಲಿ ಅವು ಹಾಗೆ ಸಾಗುವುದಿಲ್ಲ. ಲೋಕಣ್ಣನವರಿಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ, ಇರುವುದಕ್ಕೆ ಕಾರಣವೂ ಇರಲಿಲ್ಲ. ನನ್ನಿಂದ ಅವರಿಗೆ ಸಿಕ್ಕ ತೃಪ್ತಿಯ ವಿಷಯ ಮಾತಾಡದಿರುವುದೇ ಲೇಸು. ಆದರೂ ಕೆಲಸ ಮಾತ್ರ ನಡೆಯಿತು, ಅಂದವಾಗಿಯೇ ನಡೆಯಿತು. ನಡುವಿನ ಎರಡು ವೃತ್ತ ಅಳಿಸಿಹೋದಾಗಲೂ ಮೊದಲಿನದು ಕೊನೆಯದಕ್ಕೆ ನೇರವಾಗಿ ಕೈಚಾಚಬಲ್ಲದು ಎಂದಾಯಿತು. ಕಾಫಿ ನೆನೆಯಬಾರದು ಎಂಬುದು ನಮ್ಮಿಬ್ಬರಿಗೂ ಸಮಾನ. ಅದು ನನ್ನದೋ ಅವರದೋ ಎಂಬುದು ಜಗಳದ ವಿಷಯ. ಅವರು ಮೊದಲನೆಯದನ್ನು ಹಿಡಿದುಕೊಂಡಿದ್ದರು, ನಾನು ಎರಡನೆಯದನ್ನು. ವನಗೂರಿನ ಆ ಹಿರಿಯರು ಮಳೆಯಲ್ಲೂ ಪಲಾವು ಉಂಡದ್ದು ಈ ಮೊದಲನೆಯದರ ಬಲದಿಂದಲೇ. ತೃಪ್ತಿಯೆಂದರೆ ಇನ್ನೇನು, ಮೋಡ ಕವಿದಾಗ ಗಂಟಲಲ್ಲಿ ಅನ್ನ ಇಳಿಯುವುದು.

ಇನ್ನು ಸಾಧನೆ. ಟಾರ್ಪಾಲು ಒಣಗಿತು, ನಾನು ಅದನ್ನು ಮಡಿಸಿದೆ, ಹೊತ್ತುಕೊಂಡು ಕೆಳಗೆ ಹೊರಟೆ. ಮಾರ್ಚಿನಿಂದ ಜನವರಿಯವರೆಗೆ ಕಾಲಿಡದ ಇಳಿಜಾರು. ಯಜಮಾನರು ತಾವು ಕೊಟ್ಟುಬರುತ್ತೇನೆಂದರು, ನಾನು ಬೇಡವೆಂದೆ. ಏನು ಹೇಳುವುದು ಎಂಬುದೇ ದೊಡ್ಡ ಚಿಂತೆಯಾಗಿತ್ತು. ಉಪಕಾರವಾಯಿತು ಎನ್ನುವಂತಿಲ್ಲ, ಅದು ನಿಷಿದ್ಧ. ಬೀಗ ಏಕೆ ಹಾಕಿದ್ದಿರಿ ಎಂದು ಅವರು ಕೇಳಿದರೆ ಹೇಳಲು ಒಂದು ಸುಳ್ಳನ್ನು ದಾರಿಯಲ್ಲಿ ಸಿದ್ಧಮಾಡಿಕೊಂಡೆ: ಮಂಗಗಳ ಕಾಟ, ಹೊಸ ಟಾರ್ಪಾಲನ್ನು ಹರಿದುಹಾಕುತ್ತವೆ. ಮಂಗಗಳು ನಮ್ಮ ಸೀಮೆಯಲ್ಲಿ ಎಷ್ಟೋ ಆಪಾದನೆಗಳನ್ನು ಹೊತ್ತಿವೆ, ಇದೊಂದು ಅವಕ್ಕೆ ಭಾರವಾಗುತ್ತಿರಲಿಲ್ಲ. ಆ ಸುಳ್ಳು ನಿಂತರೆ ನಾವು ಮತ್ತೆ ಅತ್ತಿಗೆ ಮೈದುನ ಎಂದು ಹೇಗೋ ನಡೆದುಹೋಗುತ್ತಿತ್ತು. ನಿಜ ಹೇಳಿದರೆ ಈ ನೆರೆಮನೆಯ ನಂಟು ನನ್ನ ಜೀವಮಾನಕ್ಕೆ ಮುಗಿಯಿತು ಎಂದೇ ನನಗೆ ಅನ್ನಿಸಿತ್ತು.

ಲೋಕಣ್ಣ ಕಣದಲ್ಲಿದ್ದರು. ಒಟ್ಟಿದ್ದ ಕಾಫಿಯನ್ನು ತೆರೆದು, ಹಬೆಯಾಡುತ್ತಿದ್ದ ನಡುಭಾಗವನ್ನು ಬರಿಗಾಲಿನಲ್ಲಿ ಬಗೆದು ಬಗೆದು ಹರವುತ್ತಿದ್ದರು. ನನ್ನನ್ನು ಕಂಡು ನಿಂತರು. ನಾನು ಟಾರ್ಪಾಲನ್ನು ಅಂಚಿನಲ್ಲಿಟ್ಟೆ. ಅವರು ಏನೂ ಕೇಳಲಿಲ್ಲ. ಕೇಳಿದ್ದರೆ ಮಂಗಗಳು ಬಾಯಿಯ ತುದಿಯಲ್ಲೇ ಇದ್ದವು. ಕೇಳದೆ, ಕಾಲ ಮೇಲಿನ ಕಾಫಿ ಸಿಪ್ಪೆಯನ್ನು ಒರೆಸಿಕೊಂಡರು. ಅವರ ಕಾಫಿಯ ಹಬೆಯಲ್ಲಿ ಹುಳಿವಾಸನೆ ಆಗಲೇ ಸಣ್ಣಗೆ ಶುರುವಾಗಿತ್ತು. ನನ್ನದನ್ನು ಉಳಿಸಲು ಹೋಗಿ ಹತ್ತಿದ ವಾಸನೆ. ನನಗೆ ತಡೆಯಲಾಗಲಿಲ್ಲ.

"ಲೋಕಣ್ಣ, ಆ ಬೀಗ ನಿಮ್ಮ ಮೇಲಿನ ಅನುಮಾನಕ್ಕೇ ಹಾಕಿದ್ದು ಕಣ್ರೀ. ನಮ್ಮ ಹಳೇ ಟಾರ್ಪಾಲು ನೀವೇ ತಗಂಡಿದ್ದೀರಿ ಅಂದ್ಕಂಡಿದ್ದೆ."

ಹೇಳಿಬಿಟ್ಟೆ. ಹೇಳಿದಮೇಲೆ ಅವರ ಮುಖ ನೋಡುವ ಧೈರ್ಯವಾಗದೆ ನೆಲ ನೋಡಿದೆ. ಬೈಗುಳಕ್ಕೆ ಕಾದೆ, ಮಾರ್ಚಿನಲ್ಲಿ ನಾನು ಕೊಟ್ಟದ್ದರ ಅರ್ಧ ತಿರುಗಿ ಕೊಟ್ಟಿದ್ದರೂ ಸಾಕಾಗಿತ್ತು.

"ಗೊತ್ತು ಕಣತ್ಗೆ," ಎಂದರು ಲೋಕಣ್ಣ. "ಬೀಗ ನೋಡ್ದೇಟ್ಗೇ ಗೊತ್ತಾಯ್ತು, ಇದು ನಂಗೇ ಹಾಕಿರೋದು ಅಂತ. ಮನ್ಸಿಗೆ ಹೆಂಗೋ ಆಗಿ ಅಲ್ಲೇ ವಸಿ ಹೊತ್ತು ನಿಂತ್ಬುಟ್ಟೆ, ಮುಚ್ಲೋ ಬ್ಯಾಡ್ವೋ ಅಂತ. ಅಷ್ಟ್ರಲ್ಲಿ ಆ ಬಡಗಣ ಮೂಲೆ ನೆಂದೋಯ್ತು. ಬೇಜಾರ್ ಮಾಡ್ಕಬ್ಯಾಡಿ."

ನೆಂದದ್ದು ನನ್ನ ಬೀಗದಿಂದ. ಕ್ಷಮೆ ಕೇಳುತ್ತಿದ್ದವರು ಅವರು. ಬಾಯಿ ಜಾಸ್ತಿ ಎಂದು ನಾಲ್ಕು ಊರಿನಲ್ಲಿ ಹೆಸರು ಮಾಡಿದ ನಾನು ಅವರ ಕಣದ ಅಂಚಿನ ಮೇಲೆ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಲೋಕಣ್ಣ ಮನೆಯ ಕಡೆ ತಿರುಗಿ, ಅತ್ಗೆ ಬಂದವ್ರೆ, ಒಲೆ ಮೇಲೆ ಕಾಫಿ ಇಡು ಎಂದು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದರು.